ನಿಮಗಿದು ಗೊತ್ತೇ? ಆನೆಗೊಂದಿ ಸೀಮೆಯ ಕೋಟೆಯೂ ಕಾಲುವೆಯೂ

ಗಂಗಾವತಿ ಭಾಗದ ಕೆಲವು ಭತ್ತದ ಗದ್ದೆಗಳಿಗೆ ಇಂದಿಗೂ ನೀರುಣಿಸುತ್ತಿರುವುದು ವಿಜಯನಗರದ ಅರಸರ ಕಾಲದ ಕಾಲುವೆ. ತುಂಗಭದ್ರೆಯ ಎಡದಂಡೆಯಲ್ಲಿ ಹುಲಿಗಿ, ಶಿವಪುರ, ಆನೆಗೊಂದಿ, ಮೇಲ್ಗಂಗಾವತಿ, ಕೆಳಗಂಗಾವತಿ ಕಾಲುವೆಗಳು. ಬಲದಂಡೆಯಲ್ಲಿ ರಾಯ, ಬಸವಣ್ಣ, ತುರ್ತು, ರಾಮಸಾಗರ, ಕಂಪ್ಲಿ. ನೀರಾವರಿ ಇಲಾಖೆಯ ಕಡತದಲ್ಲೂ ಇವಕ್ಕೆ ‘ವಿಜಯನಗರ ಕಾಲುವೆಗಳು’ ಎಂದೇ ಹೆಸರು. ಹಂಪಿಯಲ್ಲಿ ಅರಮನೆ ನೋಡಲು ಟಿಕೆಟ್ ಕೊಳ್ಳಬೇಕು. ಕಾಲುವೆಗೆ ಟಿಕೆಟ್ ಇಲ್ಲ, ಸರದಿ ಮಾತ್ರ ಉಂಟು.

ಈ ಕಾಲುವೆಗಳ ತಲೆಯಲ್ಲಿರುವ ಅಣೆಕಟ್ಟುಗಳು ನೇರವಾಗಿಲ್ಲ ಎನ್ನುವುದನ್ನು ಗಮನಿಸಿದ್ದೀರಾ? ನದಿಯ ನಡುವೆ ಅಲ್ಲಲ್ಲಿ ಎದ್ದು ನಿಂತ ಹೆಬ್ಬಂಡೆಗಳೇ ಅವುಗಳ ಕಂಬ. ಒಂದು ಬಂಡೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಕಲ್ಲು ಪೇರಿಸುತ್ತ ಅಂಕುಡೊಂಕಾಗಿ ನದಿ ದಾಟಿದ್ದಾರೆ. ಸಂದಿಗಳಲ್ಲಿ ನೀರು ಸೋರುತ್ತದೆ. ಇಂದಿನ ಎಂಜಿನಿಯರ್ ಅದನ್ನು ದೋಷವೆಂದು ಬರೆದುಕೊಂಡಾನು. ಆದರೆ ಈ ಅಣೆಗಳು ಇರುವುದು ನೀರು ಕೂಡಿಡಲಿಕ್ಕಲ್ಲ. ನದಿಯ ಮಟ್ಟವನ್ನು ತುಸು ಏರಿಸಿ ಒಂದು ಪಾಲನ್ನು ಪಕ್ಕಕ್ಕೆ ತಿರುಗಿಸಿದರೆ ಅವುಗಳ ಕೆಲಸ ಮುಗಿಯಿತು. ಮಳೆಗಾಲದ ಪ್ರವಾಹ ಅಣೆಯ ಮೇಲೆಯೇ ಹಾದುಹೋಗುತ್ತದೆ. ಹೋಗುವಾಗ ನಾಲ್ಕು ಕಲ್ಲು ಕಿತ್ತೊಯ್ದರೆ, ಬೇಸಿಗೆಯಲ್ಲಿ ಹೊಳೆ ಇಳಿದಾಗ ಊರವರೇ ಮತ್ತೆ ನಾಲ್ಕು ಕಲ್ಲು ಪೇರಿಸಬಹುದು. ಕೆಟ್ಟರೆ ಸುಲಭವಾಗಿ ರಿಪೇರಿ ಆಗಬೇಕು ಎಂಬ ಲೆಕ್ಕ ಇದರಲ್ಲಿದೆ.

ನದಿ ತಗ್ಗಿನಲ್ಲಿದೆ, ಗದ್ದೆ ಎತ್ತರದಲ್ಲಿದೆ, ಪಂಪು ಇಲ್ಲ. ಹಾಗಾದರೆ ನೀರು ಏರಿದ್ದು ಹೇಗೆ? ಏರಲೇ ಇಲ್ಲ. ಆನೆಗೊಂದಿಯ ಆಸುಪಾಸಿನಲ್ಲಿ ತುಂಗಭದ್ರೆ ಬಂಡೆಗಳ ನಡುವೆ ಬೇಗಬೇಗ ಇಳಿಯುತ್ತದೆ. ಕಾಲುವೆಯನ್ನು ಅದಕ್ಕಿಂತ ಬಹಳ ಕಡಿಮೆ ಇಳಿಜಾರಿನಲ್ಲಿ, ಗುಡ್ಡದ ಬುಡ ಬಳಸಿಕೊಂಡು ನಿಧಾನವಾಗಿ ಕರೆದೊಯ್ದರು. ಹೊಳೆ ಕೆಳಗಿಳಿದಷ್ಟೂ ಕಾಲುವೆ ಅದಕ್ಕಿಂತ ಮೇಲೆ ಉಳಿಯುತ್ತದೆ. ಹೊಳೆಗೂ ಕಾಲುವೆಗೂ ನಡುವೆ ಬಿದ್ದ ನೆಲವೆಲ್ಲ ಗದ್ದೆಯಾಯಿತು.

1565ರ ಜನವರಿಯಲ್ಲಿ ರಕ್ಕಸಗಿ–ತಂಗಡಗಿ ಯುದ್ಧ ಮುಗಿದ ಮೇಲೆ ರಾಜಧಾನಿ ಸೂರೆಯಾಯಿತು. ಅರಮನೆಗಳ ಮರದ ಕಂಬ, ತೊಲೆ, ಮಾಡು ಸುಟ್ಟುಹೋಗಿ ಕಲ್ಲಿನ ಜಗಲಿಗಳು ಮಾತ್ರ ಉಳಿದವು. ಕಾಲುವೆಗಳು ಹರಿಯುತ್ತಲೇ ಇದ್ದವು. ಸಿಂಹಾಸನ ಯಾರದ್ದಾದರೇನು, ಕಂದಾಯ ಬರಬೇಕಾದದ್ದು ಗದ್ದೆಯಿಂದಲೇ ತಾನೆ?

ಕಲ್ಲು ಕಡಿದ ಗುಂಡಿಯನ್ನೇ ನೀರಿನ ಹೊಂಡ ಮಾಡಿಕೊಳ್ಳುವ ಜಾಣತನ ಈ ಸೀಮೆಗೆ ವಿಜಯನಗರಕ್ಕಿಂತ ಎಷ್ಟೋ ಹಳೆಯದು. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಗುಡ್ಡದ ಮೇಲೆ ಕಬ್ಬಿಣಯುಗದ ಜನ ನಿಲ್ಲಿಸಿದ ಶಿಲಾಸಮಾಧಿಗಳು ನಾನೂರರ ಹತ್ತಿರ ಇವೆ. ಕ್ರಿ.ಪೂ. 800ರಿಂದ ಕ್ರಿ.ಪೂ. 200ರ ನಡುವಿನವು ಎಂದು ಪಂಡಿತರು ಎಣಿಸುತ್ತಾರೆ. ಊರವರಿಗೆ ಅದು ಮೋರ್ಯರ ಗುಡ್ಡ. ಆ ಕಲ್ಲಿನ ಮನೆಗಳ ನಡುವೆ ಒಂದು ಹೊಂಡವಿದೆ. ಚಪ್ಪಡಿ ಎಬ್ಬಿಸಿದ್ದು ಅಲ್ಲಿಂದಲೇ, ಆಮೇಲೆ ಮಳೆನೀರು ನಿಂತದ್ದೂ ಅಲ್ಲಿಯೇ. ಬಂಡೆಯ ತಲೆಯ ಮೇಲೆ ಕೂರಿಸಿದ ದೊಡ್ಡ ಕಲ್ಲಿನ ನಗಾರಿಯೂ ಅಲ್ಲುಂಟು, ಬಡಿದರೆ ದೂರದವರೆಗೆ ಸದ್ದು ಹೋಗುತ್ತದೆ. 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಹಿರೇಬೆಣಕಲ್ ಸೇರಿತು.

ಆನೆಗೊಂದಿಯಲ್ಲಾಗಲಿ ಹಂಪಿಯಲ್ಲಾಗಲಿ ಯಾವುದಾದರೂ ಒಂದು ಬಂಡೆಯ ಹತ್ತಿರ ಬಗ್ಗಿ ನೋಡಿ. ಅಂಚಿನುದ್ದಕ್ಕೂ ಹೊಲಿಗೆಯ ಹಾಗೆ ಸಾಲಾಗಿ ಚೌಕ ಗುಳಿಗಳು ಕಾಣುತ್ತವೆ. ಅವು ಬೆಣೆ ಹೊಡೆದ ಗುರುತು. ಒಣ ಮರದ ಬೆಣೆ ಬಡಿದು, ಅದಕ್ಕೆ ನೀರು ಹನಿಸಿ, ಮರ ಉಬ್ಬಿದಾಗ ಬಂಡೆ ಗೆರೆ ಹಿಡಿದು ಸೀಳುತ್ತಿತ್ತು ಎಂದು ಹೇಳುವುದುಂಟು. ಗುಳಿ ತೋಡಿ, ಸೀಳದೆ ಹಾಗೆಯೇ ಬಿಟ್ಟುಹೋದ ಬಂಡೆಗಳೂ ಧಾರಾಳವಾಗಿವೆ. ನನಗೆ ಇಡೀ ಹಂಪಿಯಲ್ಲಿ ಅತಿ ಇಷ್ಟವಾದ ಕೆತ್ತನೆ ಇದೇ ಎಂದರೆ ಗೈಡುಗಳು ನಗುತ್ತಾರೆ.

ಕೋಟೆಗೋಡೆಯ ಕಲ್ಲುಗಳ ನಡುವೆ ಗಾರೆ ಇಲ್ಲ. ಹೊರಮುಖಕ್ಕೆ ಭಾರೀ ಕಲ್ಲುಗಳನ್ನು ಒಂದಕ್ಕೊಂದು ಕಚ್ಚುವಂತೆ ಕೂರಿಸಿ, ಹಿಂದುಗಡೆ ಮಣ್ಣು, ಜಲ್ಲಿ ತುಂಬಿ ದಮ್ಮಸು ಮಾಡಿದ್ದಾರೆ. ಮುಖ ಚಪ್ಪಟೆ, ಬಾಲ ಸಪೂರವಾದ ಕಲ್ಲುಗಳು ಒಳಗಿನ ಮಣ್ಣಿನಲ್ಲಿ ಬೇರು ಬಿಟ್ಟಂತೆ ಹೂತಿವೆ. ಮಳೆಗಾಲದಲ್ಲಿ ಒಳಗೆ ಇಳಿದ ನೀರು ಸಂದಿಗಳಿಂದ ತಾನಾಗಿ ಹೊರಬರುತ್ತದೆ, ಗೋಡೆಯ ಬೆನ್ನಿಗೆ ಒತ್ತಿ ನಿಲ್ಲುವುದಿಲ್ಲ. ಈಗಿನವರು ತಡೆಗೋಡೆ ಕಟ್ಟುವಾಗ ಪೈಪು ತೂರಿಸಿ ಮಾಡುವ ಕೆಲಸ ಅಲ್ಲಿ ಪುಕ್ಕಟೆ ಆಗಿದೆ.

ಏಳು ಸುತ್ತಿನ ಕೋಟೆ ಎಂಬುದು ಬರೀ ಹಾಡಿನ ಮಾತೇ? 1443ರಲ್ಲಿ ಪಾರಸಿ ರಾಯಭಾರಿ ಅಬ್ದುರ್ ರಜಾಕ್ ವಿಜಯನಗರಕ್ಕೆ ಬಂದು ಒಂದರೊಳಗೊಂದು ಏಳು ಕೋಟೆ ಕಂಡೆನೆಂದು ಬರೆದ. ಹೊರಗಿನ ಕೋಟೆಯ ಮುಂದೆ ಆಳೆತ್ತರದ ಕಲ್ಲುಗಳನ್ನು ಒತ್ತೊತ್ತಾಗಿ ಹೂತಿದ್ದರಂತೆ, ಕುದುರೆ ದಂಡು ಒಮ್ಮೆಗೇ ನುಗ್ಗಿ ಬರಬಾರದೆಂದು. ಒಳಗೆ ಹೋದಾಗ ಅವನ ಕಣ್ಣಿಗೆ ಬಿದ್ದದ್ದು ನೀರು. ಕಡೆದು ನುಣುಪು ಮಾಡಿದ ಕಲ್ಲಿನ ಕಾಲುವೆಗಳಲ್ಲಿ ತೊರೆಗಳು ಹರಿಯುತ್ತಿದ್ದವು ಎಂದು ಅಚ್ಚರಿಪಟ್ಟು ದಾಖಲಿಸಿದ್ದಾನೆ.

ಕೋಟೆಬಾಗಿಲಿನಲ್ಲಿ ನೇರ ದಾರಿ ಇರುವುದಿಲ್ಲ. ಒಳಹೊಕ್ಕವನು ಎಡಕ್ಕೋ ಬಲಕ್ಕೋ ತಿರುಗಿ, ಮತ್ತೆ ತಿರುಗಿ ಹೋಗಬೇಕು. ಆನೆ ಓಡಿ ಬಂದು ಕದಕ್ಕೆ ಗುದ್ದಲು ಬೇಕಾದ ಬಯಲು ಅಲ್ಲಿ ಸಿಗದು, ಮೇಲೆ ನಿಂತ ಬಿಲ್ಲಾಳುಗಳಿಗೆ ಮಾತ್ರ ಎಲ್ಲ ಕಡೆಯೂ ಗುರಿ. ಆನೆಗೊಂದಿ ಊರಿಗೂ ಅಂಥ ಬಾಗಿಲುಗಳಿವೆ. ಈಗ ಅಲ್ಲಿ ಟ್ರ್ಯಾಕ್ಟರ್‌ಗಳು ಎರಡು ಸಲ ಹಿಂದೆ ಮುಂದೆ ಮಾಡಿಕೊಳ್ಳುತ್ತವೆ.

ಹರಿಗೋಲು ಪ್ರವಾಸಿಗರಿಗಾಗಿ ಶುರುವಾದ ಆಟವಲ್ಲ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಡೊಮಿಂಗೊ ಪಾಯಸ್ ಆನೆಗೊಂದಿಗೆ ದಾಟಿದ ದೋಣಿಯ ವರ್ಣನೆ ಬಿಟ್ಟುಹೋಗಿದ್ದಾನೆ: ಬುಟ್ಟಿಯಂತೆ ದುಂಡಗೆ, ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು, ಹದಿನೈದಿಪ್ಪತ್ತು ಜನ ಹಿಡಿಸುತ್ತಿದ್ದರು. ಬೇಕಾದರೆ ಕುದುರೆ, ಎತ್ತುಗಳೂ ಹತ್ತುತ್ತಿದ್ದವು, ಆದರೆ ಸಾಮಾನ್ಯವಾಗಿ ಈಜಿಯೇ ಬರುತ್ತಿದ್ದವು. ದೋಣಿ ಸುತ್ತುತ್ತಲೇ ಇರುತ್ತದೆ ಎಂದೂ ಬರೆದಿದ್ದಾನೆ. ಇಂದು ಸಾಣಾಪುರದಲ್ಲಿ ಹತ್ತಿದವರು ದುಡ್ಡು ಕೊಟ್ಟು ಸುತ್ತಿಸಿಕೊಳ್ಳುತ್ತಾರೆ.

ಅಂದಹಾಗೆ, ಆ ಸಾಣಾಪುರ ಕೆರೆ ಪುರಾತನದ್ದಲ್ಲ. ಸುತ್ತ ಗುಂಡುಕಲ್ಲಿನ ಗುಡ್ಡಗಳಿರುವುದರಿಂದ ಹಾಗನ್ನಿಸುತ್ತದೆ, ಅಷ್ಟೆ. ಅದು ತುಂಗಭದ್ರಾ ಎಡದಂಡೆ ಕಾಲುವೆಯ ಜೊತೆಗೆ ಬಂದ ಜಲಾಶಯ. ಹಳೆಯದನ್ನು ನೋಡಬೇಕಿದ್ದರೆ ಪಂಪಾಸರೋವರಕ್ಕೆ ಹೋಗಿ.

ಹಂಪಿಯ ವಿಠ್ಠಲ ಗುಡಿಯ ಬಳಿ ನದಿಯಲ್ಲಿ ಸಾಲಾಗಿ ನಿಂತ ಕಲ್ಲುಕಂಬಗಳು ವಿಜಯನಗರ ಕಾಲದ ಸೇತುವೆಯವು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಸೆರೆಹಿಡಿದಾಗ ಅವೂ ಚಿತ್ರಕ್ಕೆ ಸಿಕ್ಕಿದವು. ಪಕ್ಕದ ತಳವಾರಘಟ್ಟದಲ್ಲಿ ನಮ್ಮ ಕಾಲದವರು ಕಟ್ಟತೊಡಗಿದ ಸೇತುವೆಯ ಕಥೆ ಬೇರೆ. ತೂಗುಸೇತುವೆಗಳ ಕಾಮಗಾರಿಯಿಂದಾಗಿ 1999ರಲ್ಲಿ ಹಂಪಿ ಯುನೆಸ್ಕೊದ ‘ಅಪಾಯದಲ್ಲಿರುವ ತಾಣ’ಗಳ ಪಟ್ಟಿಗೆ ಸೇರಿತು, 2006ರಲ್ಲಿ ಹೊರಬಂತು. ತಳವಾರಘಟ್ಟದ ಸೇತುವೆ 2009ರ ಜನವರಿ 22ರಂದು ಕಟ್ಟುತ್ತಿರುವಾಗಲೇ ಕುಸಿದುಬಿತ್ತು. ಹಳೆಯ ಕಂಬಗಳು ಅಲ್ಲೇ ನಿಂತಿದ್ದವು.

ವಿರೂಪಾಪುರಗಡ್ಡೆಯ ಬಳಿ ಹೊಳೆಯಲ್ಲಿ ಕಾಣುವ ಇನ್ನೊಂದು ಕಂಬಸಾಲನ್ನೂ ಜನ ಸೇತುವೆ ಎಂದೇ ತಿಳಿಯುತ್ತಾರೆ. ಅದು ನೀರು ದಾಟಿಸುತ್ತಿದ್ದ ಮೇಲ್ಗಾಲುವೆ. ವಿಜಯನಗರದ ಅರಸ ಬುಕ್ಕನ ಹೆಸರಿನಲ್ಲಿ ಪ್ರಸಿದ್ಧ. ನದಿಯ ಮೇಲೆ ನೀರಿಗೊಂದು ಸೇತುವೆ.

ಈಗ ಸ್ವಲ್ಪ ನಿಧಾನವಾಗಿ ಹೇಳಬೇಕಾದ ಒಂದು ಕಥೆ. ಕೃಷ್ಣದೇವರಾಯ ಇಂದಿನ ಹೊಸಪೇಟೆಯ ಹತ್ತಿರ ಒಂದು ದೊಡ್ಡ ಕೆರೆ ಕಟ್ಟಿಸಿದ. ಪಾಯಸ್ ಅದನ್ನು ಕಣ್ಣಾರೆ ಕಂಡ: ಒಂದು ಗುಡ್ಡವನ್ನೇ ಒಡೆದಿದ್ದರು, ಹದಿನೈದಿಪ್ಪತ್ತು ಸಾವಿರ ಆಳುಗಳು ನೆಲ ಕಾಣದಷ್ಟು ಒತ್ತಾಗಿ ಇರುವೆಗಳಂತೆ ಮುತ್ತಿಕೊಂಡಿದ್ದರು. ಏರಿ ಎರಡು ಮೂರು ಸಲ ಒಡೆಯಿತು. ಕಾರಣ ಕೇಳಿದಾಗ ಬ್ರಾಹ್ಮಣರು ದೇವರಿಗೆ ಸಮಾಧಾನವಿಲ್ಲ, ಬಲಿ ಬೇಕು ಎಂದರು. ರಾಜ ಅರುವತ್ತು ಜನರ ತಲೆ ಕಡಿಸಿದ, ಜೊತೆಗೆ ಕುದುರೆಗಳು, ಕೋಣಗಳು. ಕುದುರೆ ವ್ಯಾಪಾರಿ ಫೆರ್ನಾವೊ ನ್ಯೂನಿಜ್ 1535ರ ಸುಮಾರಿಗೆ ಇದೇ ಕಥೆಯನ್ನು ಇನ್ನಷ್ಟು ಹಿಗ್ಗಿಸಿ ಬರೆದ. ಸತ್ತವರು ಮೊದಲೇ ಮರಣದಂಡನೆಗೆ ಗುರಿಯಾದವರು ಎನ್ನುತ್ತಾನೆ ಅವನು. ಕೆರೆಗೆ ಹಾರದ ಕಥೆಗಳನ್ನು ಕೇಳಿ ಬೆಳೆದ ನಮಗೆ ಇದು ಹೊಸದೇನಲ್ಲ. ಆದರೆ ಹಾಡುಗಳಲ್ಲಿ ಹಾರವಾಗುವವಳು ಮನೆಯ ಸೊಸೆ, ಇಲ್ಲಿ ಸೆರೆಮನೆಯ ಕೈದಿಗಳು.

ನ್ಯೂನಿಜ್ ಹೇಳುವ ಇನ್ನೊಂದು ಸಂಗತಿ ಎಂಜಿನಿಯರುಗಳ ಕಿವಿ ನಿಮಿರಿಸುತ್ತದೆ. ಆ ಕೆಲಸಕ್ಕೆ ಗೋವೆಯಿಂದ ಜೊವಾವೊ ದೆ ಲಾ ಪೊಂತೆ ಎಂಬ ಪೋರ್ಚುಗೀಸ್ ಕಲ್ಲುಕೆಲಸದವನು ಬಂದಿದ್ದ. ಅವನು ಸುಣ್ಣ ತಯಾರಿಸಲು ಕೇಳಿದಾಗ ರಾಜ ನಕ್ಕುಬಿಟ್ಟನಂತೆ, ಈ ನಾಡಿನಲ್ಲಿ ಮನೆ ಕಟ್ಟಲು ಸುಣ್ಣ ಬಳಸುವುದೇ ಗೊತ್ತಿಲ್ಲ ಎಂಬಂತೆ. ಇದನ್ನು ಪೂರ್ತಿ ನಂಬಲಾಗದು. ಇಟ್ಟಿಗೆ ಗೋಪುರಗಳಿಗೆ, ಕಮಲಮಹಲಿನ ಗೋಡೆಗಳಿಗೆ ಗಾರೆ ಹಾಕಿದವರು ಇದೇ ಊರಿನವರು. ಕೋಟೆಗೆ, ಅಣೆಗೆ ಹಾಕಲಿಲ್ಲ, ಬೇಕಿರಲಿಲ್ಲ. ನ್ಯೂನಿಜ್ ಕುದುರೆ ಮಾರಲು ಬಂದವನು, ಎರಡರ ವ್ಯತ್ಯಾಸ ನೋಡಲು ಪುರುಸೊತ್ತು ಎಲ್ಲಿತ್ತು.

ಅದೇ ಕೆರೆಯ ಬಗ್ಗೆ ಅವನು ಕೊಟ್ಟ ಲೆಕ್ಕವನ್ನು ಮಾತ್ರ ನಂಬಬಹುದು, ವ್ಯಾಪಾರಿಯ ಲೆಕ್ಕವಾದ್ದರಿಂದ. ಹೊಸ ನೀರಿಗೆ ಬಂದ ಜಮೀನುಗಳಿಗೆ ರಾಜ ಒಂಬತ್ತು ವರ್ಷ ಕಂದಾಯ ಬಿಟ್ಟುಕೊಟ್ಟ. ರೈತರು ನೆಲ ಹದ ಮಾಡಿಕೊಳ್ಳಲಿ ಎಂದು. ಆಮೇಲೆ ಬಂದ ಉತ್ಪನ್ನ ಇಪ್ಪತ್ತು ಸಾವಿರ ಪರ್ದಾವೊ, ಅಂದರೆ ವರಹ. ಒಂಬತ್ತು ವರ್ಷ ಕಾಯುವ ತಾಳ್ಮೆ ಸರ್ಕಾರಕ್ಕಿದ್ದ ಕಾಲ ಅದು.

ನೀರಾವರಿ ಎಂಜಿನಿಯರ್‌ನ ಹೆಸರು ಶಾಸನದಲ್ಲಿ ಸಿಗುವುದು ಅಪರೂಪ. ಸಿಂಗಾಯಭಟ್ಟನದು ಸಿಗುತ್ತದೆ. 1388ರಲ್ಲಿ ಪೆನುಗೊಂಡೆಯನ್ನು ಆಳುತ್ತಿದ್ದ ಪ್ರತಾಪ ಬುಕ್ಕರಾಯ ‘ಜಲಸೂತ್ರ’ ಬಲ್ಲ ಇವನಿಗೆ ಹೆನ್ನೆ ಹೊಳೆಯನ್ನು ಪೆನುಗೊಂಡೆಗೆ ತರಬೇಕೆಂದು ಅಪ್ಪಣೆ ಕೊಟ್ಟ. ಸಿಂಗಾಯಭಟ್ಟ ಸಿರುವೆರೆಯ ಕೆರೆಯವರೆಗೆ ಕಾಲುವೆ ತಂದು, ಅದಕ್ಕೆ ರಾಜಕುಮಾರನ ಹೆಸರನ್ನೇ ಇಟ್ಟ. ಕಾಮಗಾರಿಗೆ ಆಳುವವರ ಹೆಸರಿಡುವ ಚಾಳಿಗೂ ಆರು ಶತಮಾನ ದಾಟಿದ ಇತಿಹಾಸವಿದೆ.

ಕೆರೆ ಕಟ್ಟುವವರು ಮಾಡಬಾರದ ತಪ್ಪುಗಳು ಎಷ್ಟು? ಆರು. 1369ರ ಪೊರುಮಾಮಿಳ್ಳ ಶಾಸನ ಅವನ್ನು ಎಣಿಸಿ ಹೇಳುತ್ತದೆ. ಈಗ ಆಂಧ್ರದಲ್ಲಿರುವ ಆ ಕೆರೆ ಕಟ್ಟಿಸಿದವನು ಒಂದನೇ ಬುಕ್ಕನ ಮಗ ಭಾಸ್ಕರ. ಏರಿ ಸೋರುವುದು, ಚೌಳು ಮಣ್ಣು, ಎರಡು ರಾಜ್ಯಗಳ ಗಡಿಯಲ್ಲಿ ಕಟ್ಟುವುದು, ಕೆರೆಯಂಗಳದ ನಡುವೆ ದಿಬ್ಬ, ನೀರು ಕಡಿಮೆ ಜಮೀನು ಹೆಚ್ಚು, ಜಮೀನು ಕಡಿಮೆ ನೀರು ಹೆಚ್ಚು. ಮೂರನೆಯದನ್ನು ಓದಿದಾಗ ನಗು ಬರುತ್ತದೆ. ಇಂದಿನ ಜಲವಿವಾದ ನ್ಯಾಯಮಂಡಳಿಗಳ ಮುಂದಿರುವ ಕಡತಗಳೆಲ್ಲ ಈ ಮೂರನೆಯ ದೋಷದ ಮಕ್ಕಳು. ಆ ಕೆರೆಗೆ ದಿನಕ್ಕೆ ಸಾವಿರ ಆಳು, ನೂರು ಬಂಡಿ, ಎರಡು ವರ್ಷ ಹಿಡಿಯಿತೆಂದೂ ಶಾಸನದಲ್ಲಿದೆ.

ಹಂಪಿಯ ಅರಮನೆ ಆವರಣದಲ್ಲಿರುವ ಮೆಟ್ಟಿಲುಗಳ ಪುಷ್ಕರಣಿ 1980ರ ದಶಕದವರೆಗೆ ಮಣ್ಣಿನಡಿ ಹೂತುಹೋಗಿತ್ತು. ಉತ್ಖನನದಲ್ಲಿ ಕರಿಕಲ್ಲಿನ ಐದು ಅಂತಸ್ತು ಹೊರಬಂದವು. ಸುತ್ತಲಿನ ಕಟ್ಟಡಗಳು ಬಹುಮಟ್ಟಿಗೆ ಗ್ರಾನೈಟಿನವು, ಇದು ಬೇರೆ ಜಾತಿಯ ಕಲ್ಲು. ಮೆಟ್ಟಿಲ ಮೇಲೆ ಕಣ್ಣಿಟ್ಟು ನೋಡಿದರೆ ಕಲ್ಲುಕಲ್ಲಿಗೂ ಗೀರಿದ ಗುರುತುಗಳು ಕಾಣುತ್ತವೆ: ಯಾವ ದಿಕ್ಕು, ಯಾವ ಸಾಲು, ಎಷ್ಟನೆಯದು. ಬೇರೆಲ್ಲೋ ಕಡೆದು, ಲೆಕ್ಕ ಬರೆದು, ಇಲ್ಲಿಗೆ ಸಾಗಿಸಿ ಜೋಡಿಸಿದ್ದಾರೆ. ಪಕ್ಕದಲ್ಲಿ ಕಲ್ಲುಕಂಬಗಳ ಮೇಲೆ ಹಾದುಬರುವ ಕಲ್ಲಿನ ದೋಣಿಗಾಲುವೆ ಇದಕ್ಕೆ ನೀರು ತರುತ್ತಿತ್ತು. ನೀರು ಬರಲಿ ಎಂದು ಕಟ್ಟಿದ್ದೋ ಪೂಜೆಗೆಂದು ಕಟ್ಟಿದ್ದೋ ಎಂದು ವಾದ ಮಾಡುವವರಿದ್ದಾರೆ. ಎರಡನ್ನೂ ಬೇರೆ ಬೇರೆ ಎಂದುಕೊಳ್ಳುವುದು ನಮ್ಮ ಕಾಲದ ಅಭ್ಯಾಸ.

ಹತ್ತಿರದಲ್ಲೇ ಕಾಲುವೆಯ ಅಂಚಿನುದ್ದಕ್ಕೂ ಕಲ್ಲಿನಲ್ಲೇ ಕೊರೆದ ಊಟದ ತಟ್ಟೆಗಳಿವೆ, ಪಲ್ಯ ಚಟ್ನಿಗೆ ಪುಟ್ಟ ಗುಳಿಗಳ ಸಮೇತ. ಉಂಡು ಕೈತೊಳೆಯಲು ಏಳಬೇಕಿಲ್ಲ.

ರಾಣಿಯರ ಸ್ನಾನಗೃಹಕ್ಕೂ ಕಂದಕ ಇದೆ. ಶತ್ರುವಿನ ಭಯಕ್ಕೋ ಇಣುಕುವವರ ಭಯಕ್ಕೋ ಹೇಳುವುದು ಕಷ್ಟ.

ಹಂಪಿಯ ನೆಲದಡಿಯಲ್ಲಿ ಸುಟ್ಟ ಮಣ್ಣಿನ ಕೊಳವೆಗಳೂ ಹಾದಿದ್ದವು. ಒಂದರ ಬಾಯಿಗೆ ಇನ್ನೊಂದರ ತುದಿ ಸೇರಿಸಿ, ಸಂದಿಗೆ ಸುಣ್ಣದ ಗಾರೆ ಮೆತ್ತುತ್ತಿದ್ದರು. ಸುಣ್ಣ ಗೊತ್ತಿಲ್ಲದ ನಾಡು!

ಕುಮ್ಮಟದುರ್ಗದ ಹೆಸರು ಕೇಳಿದ್ದೀರಿ. ಗಂಗಾವತಿ ತಾಲ್ಲೂಕಿನ ಜಬ್ಬಲಗುಡ್ಡದ ಬಳಿಯ ಈ ಬೆಟ್ಟದ ಕೋಟೆ ಕಂಪಿಲದೇವನದು, ಅವನ ಮಗ ಕುಮಾರರಾಮನದು. ಮುಹಮ್ಮದ್ ಬಿನ್ ತುಘಲಕ್‌ನ ದಂಡು 1327ರಲ್ಲಿ ಈ ರಾಜ್ಯವನ್ನು ಮುಗಿಸಿತು. ತನ್ನಲ್ಲಿ ಆಶ್ರಯ ಬೇಡಿ ಬಂದ ದಿಲ್ಲಿಯ ಬಂಡಾಯಗಾರ ಬಹಾವುದ್ದೀನನನ್ನು ಒಪ್ಪಿಸಲು ಕಂಪಿಲದೇವ ಒಲ್ಲೆನೆಂದದ್ದೇ ಜಗಳದ ಮೂಲ. ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತನ ಪ್ರಕಾರ ರಾಜನನ್ನು ಕೊನೆಗೆ ಸೋಲಿಸಿದ್ದು ಕೋಟೆಯೊಳಗೆ ದಾಸ್ತಾನು ಮುಗಿದದ್ದು. ಗೋಡೆ ಎಷ್ಟೇ ಎತ್ತರವಿರಲಿ, ಮುತ್ತಿಗೆಯ ದಿನಗಳನ್ನು ಎಣಿಸುವುದು ಕಣಜ ಮತ್ತು ಹೊಂಡದ ಮಟ್ಟ ನೋಡಿ. ಇದಾದ ಹತ್ತು ವರ್ಷದೊಳಗೆ, 1336ರಲ್ಲಿ, ವಿಜಯನಗರ ತಲೆ ಎತ್ತಿತು. ಹೊಳೆಯ ಎರಡೂ ದಂಡೆಯಲ್ಲಿ ನೀರು ಕಟ್ಟುವ ಕೆಲಸವೂ.

ಕೊಪ್ಪಳದ ಕೋಟೆಗೆ ಫ್ರೆಂಚ್ ಕೈಗುಣವಿದೆ. 1786ರಲ್ಲಿ ಪಾಳೆಯಗಾರನಿಂದ ಅದನ್ನು ವಶಮಾಡಿಕೊಂಡ ಟಿಪ್ಪು ಸುಲ್ತಾನ್ ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ ಹೊಸದಾಗಿ ಕಟ್ಟಿಸಿದ. 1790ರಲ್ಲಿ ಇಂಗ್ಲಿಷರು, ನಿಜಾಮನ ಪಡೆ ಸೇರಿ ಮುತ್ತಿದರು. ಕೋಟೆ ಕೈಗೆ ಬರಲು ಸುಮಾರು ಆರು ತಿಂಗಳು ಬೇಕಾಯಿತು. ತಾನು ಕಂಡ ಅತಿ ಗಟ್ಟಿ ಕೋಟೆಗಳಲ್ಲಿ ಇದೊಂದು ಎಂದು ಸರ್ ಜಾನ್ ಮಾಲ್ಕಮ್ ಹೊಗಳಿದ್ದುಂಟು. 1858ರಲ್ಲಿ ಮುಂಡರಗಿ ಭೀಮರಾಯ, ಹಮ್ಮಿಗಿ ಕೆಂಚನಗೌಡ ಇದೇ ಕೋಟೆ ಹಿಡಿದು ಇಂಗ್ಲಿಷರನ್ನು ಎದುರಿಸಿ ಮಡಿದರು.

ಕೋಟೆಗಿಂತ ಊರು ಬಹಳ ಹಳೆಯದು. ಕೊಪ್ಪಳದ ಗವಿಮಠದ ಬಂಡೆಯ ಮೇಲೊಂದು, ಪಲ್ಕಿಗುಂಡಿನಲ್ಲೊಂದು ಅಶೋಕನ ಶಾಸನವಿದೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಕನ್ನಡದ ತಿರುಳು ನಾಡಿನ ಎಲ್ಲೆ ಹೇಳುವಾಗ ಕೊಪಣವನ್ನು, ಅಂದರೆ ಇಂದಿನ ಕೊಪ್ಪಳವನ್ನು, ನಗರವೆಂದೇ ಕರೆದಿದೆ.

ಯಲಬುರ್ಗಾ ಒಂದು ಕಾಲದ ರಾಜಧಾನಿ. ಕಲ್ಯಾಣ ಚಾಲುಕ್ಯರ ಸಾಮಂತರಾದ ಸಿಂದರು, ಎರಂಬರಗೆ ಎಂಬ ಹೆಸರಿದ್ದ ಈ ಊರಿನಿಂದಲೇ ಆಳಿದರು. ಬಸ್ ನಿಲ್ದಾಣದಲ್ಲಿ ಕೇಳಿದರೆ ನಾಲ್ಕು ಜನರಿಗೂ ಗೊತ್ತಿರಲಿಕ್ಕಿಲ್ಲ.

ಹಿಂದೆ ಯಲಬುರ್ಗಾಕ್ಕೆ, ಈಗ ಕುಕನೂರು ತಾಲ್ಲೂಕಿಗೆ ಸೇರಿದ ಇಟಗಿಯ ಮಹಾದೇವ ಗುಡಿಯನ್ನು 1112ರಲ್ಲಿ ಕಟ್ಟಿಸಿದವನು ರಾಜನಲ್ಲ, ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ‘ದೇವಾಲಯ ಚಕ್ರವರ್ತಿ’ ಎಂಬ ಬಿರುದು ಶಾಸನದಲ್ಲೇ ಇದೆ. ಎಲ್ಲರೂ ಗುಡಿಯ ಕಂಬಗಳಿಗೆ ಕ್ಯಾಮೆರಾ ತಿರುಗಿಸುತ್ತಾರೆ. ಎದುರಿನ ಮೆಟ್ಟಿಲುಗೊಳವನ್ನೂ ಸುತ್ತು ಹಾಕಿ ಬನ್ನಿ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಸೀಮೆಯಲ್ಲಿ ಗುಡಿ ಕಟ್ಟಿಸಿದವನು ಕೊಳವನ್ನೂ ತೋಡಿಸಲೇಬೇಕಿತ್ತು. ನೀರಿಲ್ಲದ ದೇವರಿಗೆ ಜಾತ್ರೆ ಕೂಡುವುದಿಲ್ಲ.

ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಎನ್ನುತ್ತಾರೆ. ಕನಕಾಚಲಪತಿ ಗುಡಿಯ ಗಾರೆಗೊಂಬೆಗಳಿಗಾಗಿ ಹುಟ್ಟಿದ ಮಾತು ಇರಬೇಕು. ಊರವರು ಏಳುನೂರು ಗುಡಿ, ಏಳುನೂರು ಬಾವಿ ಎಂದೂ ಹೇಳಿಕೊಳ್ಳುತ್ತಾರೆ. ಎಣಿಕೆ ಬಿಡಿ. ಊರ ಹೊರಗಿನ ವೆಂಕಟಪತಿ ಬಾವಿ ಒಂದೇ ಸಾಕು. ಹೆಸರು ಬಾವಿ, ಆಳಕ್ಕಿಳಿದರೆ ಅರಮನೆ. ಮೆಟ್ಟಿಲಿಳಿಯುತ್ತ ಹೋದಂತೆ ಕಂಬಗಳ ಸಾಲು, ಕೆತ್ತನೆ, ಮೇಲಿಗಿಂತ ಎಷ್ಟೋ ತಂಪು ಗಾಳಿ. ಕಟ್ಟಿಸಿದವನು ಕನಕಗಿರಿ ನಾಯಕರ ಪೈಕಿ ವೆಂಕಟಪ್ಪ ನಾಯಕ.

ಕುಷ್ಟಗಿಗೆ ತುಂಗಭದ್ರೆ ದೂರ, ಹಾಗಾಗಿ ಕೆರೆಯೇ ಗತಿ. ತಾಲ್ಲೂಕಿನ ನಿಡಶೇಸಿ ಕೆರೆಯ ಹೂಳನ್ನು 2019ರಲ್ಲಿ ಜನರೇ ಮುಂದೆ ನಿಂತು ತೆಗೆಸಿದರು. ಅದೇ ವರ್ಷ ಕೊಪ್ಪಳದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಹಿರೇಹಳ್ಳಕ್ಕೆ ಇಳಿದರು. ಜಾಲಿ ಕಿತ್ತು ಕಸ ಬಳಿದಾಗ ಹಳ್ಳಕ್ಕೆ ಮತ್ತೆ ದಂಡೆ ಕಂಡಿತು. ಕೆರೆ ಕಟ್ಟಿಸುವುದು ಶಾಸನ ಹಾಕಿಸುವವರ ಕೆಲಸ, ಹೂಳೆತ್ತುವುದು ಹೆಸರಿಲ್ಲದವರದು. ಹಿಂದೆ ಇದಕ್ಕೂ ಏರ್ಪಾಡಿತ್ತು: ಕೆರೆ ನೋಡಿಕೊಳ್ಳುವವರಿಗೆ ಬಿತ್ತುವಾಟ, ಕಟ್ಟುಗೊಡಗೆ ಎಂದು ಮಾನ್ಯದ ಜಮೀನು ಬಿಡುತ್ತಿದ್ದರು. ಅದು ನಿಂತ ಮೇಲೆ ಹೂಳು ಯಾರ ಪಾಲಿಗೂ ಬರಲಿಲ್ಲ.

ಹೂಳೆಂದರೆ ಮುನಿರಾಬಾದಿನ ತುಂಗಭದ್ರಾ ಅಣೆಕಟ್ಟೆಯ ಮಾತು ಬರಲೇಬೇಕು. 1945ರ ಫೆಬ್ರವರಿ 28ರಂದು ಅಡಿಗಲ್ಲು ಬಿತ್ತು, ಎರಡು ದಂಡೆಗೆ ಎರಡು ಸರ್ಕಾರದಿಂದ: ಈ ಕಡೆ ಹೈದರಾಬಾದ್ ಸಂಸ್ಥಾನ, ಆ ಕಡೆ ಮದರಾಸು ಪ್ರಾಂತ್ಯ. 1953ರಲ್ಲಿ ನೀರು ನಿಂತಾಗ ಸುಮಾರು 133 ಟಿಎಂಸಿ ಅಡಿ ಹಿಡಿಸುತ್ತಿತ್ತು, ಈಗ 106ರ ಒಳಗೆ. ಕಟ್ಟಿದ್ದು ಕಲ್ಲು ಮತ್ತು ಸುರ್ಕಿ ಗಾರೆಯಿಂದ, ಎಂದರೆ ಇಟ್ಟಿಗೆ ಪುಡಿ ಬೆರೆಸಿದ ಸುಣ್ಣದಿಂದ. ಆ ಪೋರ್ಚುಗೀಸ್ ಕಲ್ಲುಕುಟಿಗನಿಗೆ ನಾಲ್ಕು ಶತಮಾನ ತಡವಾಗಿ ಸಿಕ್ಕ ಸುಣ್ಣ ಎನ್ನಬೇಕು. 2024ರ ಆಗಸ್ಟ್ 10ರ ರಾತ್ರಿ ಕೊಚ್ಚಿಹೋದ 19ನೇ ಗೇಟು ಕಬ್ಬಿಣದ್ದು. ಗಾರೆಯ ಗೋಡೆಗೆ ಏನೂ ಆಗಲಿಲ್ಲ. 33 ಗೇಟುಗಳಲ್ಲಿ ಒಂದು ಹೋದದ್ದಕ್ಕೆ ನಾಲ್ಕು ಜಿಲ್ಲೆಯ ರೈತರು ನಿದ್ದೆಗೆಟ್ಟರು. ಹರಿಯುವ ನೀರಿನಲ್ಲೇ ತಡೆಗೇಟು ಇಳಿಸಿ ವಾರದೊಳಗೆ ಬಾಯಿ ಮುಚ್ಚಿದರು.

ಈ ಜಲಾಶಯದ ತಳದಲ್ಲಿ ಒಂದು ಅಣೆ ಮುಳುಗಿದೆ. 1521ರಲ್ಲಿ ಕೃಷ್ಣದೇವರಾಯ ಕಟ್ಟಿಸಿದ ವಲ್ಲಭಾಪುರದ ಅಣೆ. ರಾಯ, ಬಸವಣ್ಣ ಕಾಲುವೆಗಳಿಗೆ ನೀರು ಹೋಗುತ್ತಿದ್ದದ್ದು ಅದರಿಂದ. ಅಣೆ ಮುಳುಗಿದರೂ ಕಾಲುವೆಗಳನ್ನು ಬಿಡಲಿಲ್ಲ, ಹೊಸ ಅಣೆಕಟ್ಟೆಯಿಂದಲೇ ಅವಕ್ಕೆ ನೀರು ಕೊಟ್ಟರು. ಹಂಪಿಗೆ ಹೋಗುವವರ ಕಣ್ಣಿಗೆ ಬೀಳುವ ಕಮಲಾಪುರದ ಕೆರೆ ತುಂಬುವುದು ಇದೇ ರಾಯ ಕಾಲುವೆಯಿಂದ.

ಹಂಪಿ ಪಾರಂಪರಿಕ ಪ್ರದೇಶವೆಂದರೆ ಬಲದಂಡೆ ಮಾತ್ರ ಎಂದುಕೊಂಡವರಿಗೆ: ಅದನ್ನು ನೋಡಿಕೊಳ್ಳುವ ಪ್ರಾಧಿಕಾರದ ವ್ಯಾಪ್ತಿಯ 29 ಹಳ್ಳಿಗಳು ಹೊಳೆಯ ಎರಡೂ ಕಡೆ ಇವೆ. 236 ಚದರ ಕಿಲೋಮೀಟರ್. ಕೊಪ್ಪಳ ಜಿಲ್ಲೆಯ ಪಾಲು ಕಡಿಮೆಯೇನಲ್ಲ.

ಕೊನೆಗೆ ಒಂದು ಹೊಸ ಸುದ್ದಿ, ಅರ್ಧ ಸಿಹಿ. ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಕಳೆದ ದಶಕದಲ್ಲಿ ವಿಜಯನಗರ ಕಾಲುವೆಗಳ ಆಧುನೀಕರಣ ಶುರುವಾಯಿತು. ಕಲ್ಲು ಮಣ್ಣಿನ ದಂಡೆಗೆ ಕಾಂಕ್ರೀಟ್ ಹೊದಿಸಿದರೆ ಸೋರಿಕೆ ನಿಲ್ಲುತ್ತದೆ, ಕಾಲುವೆಯ ಬಾಲದಲ್ಲಿರುವ ರೈತನಿಗೂ ನೀರು ಮುಟ್ಟುತ್ತದೆ. ಅವನ ಮುಂದೆ ನಿಂತು ಪರಂಪರೆಯ ಪಾಠ ಹೇಳುವ ಧೈರ್ಯ ನನಗಿಲ್ಲ. ಆದರೆ ಸೋರಿದ ನೀರೆಲ್ಲ ಹಾಳಾಗಿರಲಿಲ್ಲ. ಕಾಲುವೆಯ ಪಕ್ಕದ ಬಾವಿಗಳಿಗೆ, ತೆಂಗಿಗೆ, ಬಾಳೆ ತೋಟದ ಬೇರಿಗೆ ಅದೇ ಆಧಾರ. ಹಳೆಯ ಕಲ್ಲುಕಟ್ಟಡ ಎಲ್ಲಿ ಉಳಿಯಬೇಕು, ಎಲ್ಲಿ ಹೊದಿಕೆ ಬೇಕು ಎಂದು ತೀರ್ಮಾನಿಸುವಾಗ ದಂಡೆಯ ಬಾವಿಗಳ ಮಟ್ಟವನ್ನೂ ಬೇಸಿಗೆಯಲ್ಲಿ ಒಮ್ಮೆ, ಕಾಲುವೆ ಬಿಟ್ಟ ಮೇಲೆ ಒಮ್ಮೆ ಅಳೆದು ನೋಡಿದರೆ ಲೆಕ್ಕ ಪೂರ್ತಿಯಾದೀತು. ಹಗ್ಗ, ಬಿಂದಿಗೆ ಇದ್ದರೆ ಸಾಕು, ಸಾಲ ಬೇಕಿಲ್ಲ.